ಗೊರಸಿನ ಸಿಂಹ

ಸಿರುಗುಪ್ಪದ ಬೀಗರು ಸುಂಕಲಮ್ಮನ ಮಗಳಿಗೆ ಸಕ್ಕರೆ ಆರತಿ ತಂದ ಸಂಜೆ ಕೌಲ್ ಬಜಾರಿನ ಆ ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಯಲ್ಲಿ ನೆರೆದಿದ್ದರು. ಬಾರದವಳು ವೀರಭದ್ರಮ್ಮ ಒಬ್ಬಳೇ. ಗೌರಿ ಹುಣ್ಣಿಮೆಗೆ ಮುಂಚೆ ಗಂಡಿನ ಕಡೆಯವರು ಗೊತ್ತಾದ ಹುಡುಗಿಗೆ ಸೀರೆ, ಹೂವು, ತಟ್ಟೆ ತುಂಬ ಸಕ್ಕರೆ ಗೊಂಬೆಗಳನ್ನು ತರುವುದು ಆ ಸೀಮೆಯ ಪದ್ಧತಿ. ಅದು ಮುತ್ತೈದೆಯರ ಸಂಭ್ರಮ. ಗಂಡ ತೀರಿದ ಮೇಲೆ ಇಂಥ ಹೊತ್ತಿನಲ್ಲಿ ವೀರಭದ್ರಮ್ಮ ಯಾರೂ ಹೇಳದೆ ತಾನೇ ತನ್ನ ಖೋಲಿಯ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಶಾವಿಗೆ ಹೊಸೆಯುತ್ತ ಕೂರುತ್ತಿದ್ದಳು. ಆಚೆಯ ನಗು, ಬಳೆ ಸದ್ದು, ಹಾಡಿನ ಎರಡನೆಯ ಸಾಲಿಗೆ ಮರೆತು ನಿಲ್ಲುವ ದನಿ, ಎಲ್ಲವೂ ಗೋಡೆ ದಾಟಿ ಬರುತ್ತಿದ್ದವು. ಕೇಳಿಸಿಕೊಳ್ಳುವುದೊಂದು ಅವಳಿಗೆ ಚಿಕ್ಕಂದಿನಿಂದ ರೂಢಿ.

ದೀಪ ಹಚ್ಚುವ ಹೊತ್ತಿಗೆ ಸುಂಕಲಮ್ಮ ಮುತ್ತುಗದೆಲೆಯಲ್ಲಿ ನಾಲ್ಕು ಗೊಂಬೆ ಇಟ್ಟುಕೊಂಡು ಬಂದಳು.

"ಯಕ್ಕಾ, ನೀವು ಬರೂದಿಲ್ಲ ಅಂದ್ರ ನಿಮ್ಮ ಪಾಲು ತಾನಽ ನಡಕೊಂತ ಬಂತು ನೋಡ್ರಿ. ಗಿಣಿ ಐತಿ, ಆನಿ ಐತಿ, ಬಾಳಿಗೊನಿ ಐತಿ. ಇದೊಂದು ಮಾತ್ರ ಏನಂತ ಆ ಶಿವನಽ ಬಲ್ಲ. ಬೀಗಿತ್ತಿ ಸಿಂಹ ಅಂತಾಳ. ಸಿಂಹಕ್ಕ ಎಲ್ಯಾರ ಗೊರಸು ಇರ್ತಾವೇನ್ರಿ? ಇಷ್ಟು ವರ್ಷ ಕಂಟ್ರೋಲಿನ ರೇಷನ್ನು ತಿಂದು ಅದಕೂ ಕಾಲು ಕೆಟ್ಟಾವ!"

ವೀರಭದ್ರಮ್ಮ ಗೊಂಬೆಯನ್ನು ದೀಪಕ್ಕೆ ಹಿಡಿದಳು. ಎಡಗಡೆ ಸೀಳುಗೊರಸು, ಕೊರಳ ಕೆಳಗೆ ಜೋಲುಬಿದ್ದ ಗಂಗೆದೊಗಲು. ಬಲಕ್ಕೆ ಹೊರಳಿಸಿದರೆ ಕ್ಯಾಲೆಂಡರಿನಲ್ಲಿ ಬರುವಂಥ ಸಿಂಹ, ಉಗುರು, ಕೋರೆಹಲ್ಲು ಸಮೇತ. ಒಂದೇ ಮೈ, ಎರಡು ಪ್ರಾಣಿ.

"ಸಿಂಬಸಣ್ಣ," ಎಂದಳು, ತನಗೆ ತಾನೇ.

"ಏನಂದ್ರಿ?"

"ಏನಿಲ್ಲ. ಬೀಗರ ಮನ್ಯಾಗ ಇದನ್ನ ಯಾರು ಹೊಯ್ದರಂತ?"

"ಅವರ ಓಣ್ಯಾಗ ಬಡಿಗೇರ ಹಂಪಮ್ಮ ಅಂತ ಒಬ್ಬಾಕಿ ಅದಾಳಂತ. ಓಣಿ ಹುಡುಗ್ಯಾರಿಗೆಲ್ಲ ಆಕೀನಽ ಹೊಯ್ದು ಕೊಡ್ತಾಳಂತ. ಯಾಕ್ರಿ, ಗುರ್ತಿನವ್ರೇನು?"

ವೀರಭದ್ರಮ್ಮ ಗೊಂಬೆಗಳನ್ನು ಗೂಡಿನಲ್ಲಿಟ್ಟಳು. ಸುಂಕಲಮ್ಮ ಹೋದ ಮೇಲೆ ಟ್ರಂಕಿನ ತಳದಿಂದ ಹಳೆಯ ಚೌಕುಳಿ ವಸ್ತ್ರದ ಗಂಟು ತೆಗೆದಳು. ಒಳಗೆ ಸಾಗುವಾನಿಯ ಅರ್ಧ ಅಚ್ಚು ಇತ್ತು. ಬಲಗಡೆಯದು. ಅದರಲ್ಲೂ ಸೀಳುಗೊರಸೇ.

ಹಾಗಾದರೆ ಎಡಗಡೆಯದು ಹಂಪಮ್ಮನಲ್ಲಿ ಇನ್ನೂ ಇದೆ. ಅದರ ಜೊತೆಗೆ ಬೇರೆ ಬಲಗಡೆ ಮಾಡಿಸಿಕೊಂಡಿದ್ದಾಳೆ. ಎದೆಯಲ್ಲಿ ಏನೋ ಮುಳ್ಳು ಮುರಿದಂತಾಯಿತು. ಇದ್ದಾಳಲ್ಲ ಎಂಬುದು ಒಂದು, ನಾನಿಲ್ಲದೆಯೂ ಆಯಿತಲ್ಲ ಎಂಬುದು ಇನ್ನೊಂದು.

ಕುರುಗೋಡಿನಲ್ಲಿ ವೀರಭದ್ರಮ್ಮನ ಅಪ್ಪ ಗುರುಪಾದಯ್ಯನವರು ಪುರಾಣ ಓದುತ್ತಿದ್ದರು. ದೊಡ್ಡಬಸವಣ್ಣನ ಗುಡಿಯ ಕಂಬಕ್ಕೆ ಒರಗಿ ಅವರು ರಾಗ ಎಳೆದರೆ ಕೂಸುಗಳೂ ಅಳು ನಿಲ್ಲಿಸುತ್ತಿದ್ದವು. ಎದುರಿಗೆ ಕೂತು ಕೇಳುವವರಲ್ಲಿ ಬಡಿಗೇರ ಕಾಳಪ್ಪ ಒಬ್ಬ, ಅವನ ತೊಡೆಗೆ ಆತುಕೊಂಡು ಮಗಳು ಹಂಪಮ್ಮ, ಹಂಪಮ್ಮನ ಮಗ್ಗುಲಿಗೆ ಅಂಟಿಕೊಂಡು ವೀರಭದ್ರಮ್ಮ. ಊರಿಗೆಲ್ಲ ಅವರು ಹಂಪಿ ಮತ್ತು ವೀರಿ. ಒಂದು ವರ್ಷ ಇಬ್ಬರೂ ಹಟ ಹಿಡಿದರು: ಗಿಣಿ ಬೇಡ, ಆನೆ ಬೇಡ, ಗೌರಿ ಕೂರುವ ಸಿಂಹದ ಅಚ್ಚು ಬೇಕು. ಕಾಳಪ್ಪ ಸಿಂಹವನ್ನು ಕಂಡವನಲ್ಲ. ಅವನು ಕಂಡ ದೊಡ್ಡ ಪ್ರಾಣಿಯೆಂದರೆ ಗುಡಿಯೊಳಗಿನ ಕಲ್ಲುಬಸವ. ಉಳಿದದ್ದನ್ನೆಲ್ಲ ಕೇಳಿದ್ದ. ಹೆಗಲು ಗುಡ್ಡ, ಕೊರಳು ಮುಗಿಲು, ಹೆಜ್ಜೆ ಇಟ್ಟರೆ ಸಿಡಿಲಿನ ಸಪ್ಪಳ ಎಂದು ಅಯ್ಯನವರು ಅಮ್ಮನ ಸಿಂಹವನ್ನು ಹಾಡಿದ್ದರಲ್ಲ, ಅದನ್ನೇ ಕಿವಿಯಲ್ಲಿಟ್ಟುಕೊಂಡು ಕೆತ್ತಿದ. ಅಚ್ಚು ನೋಡಿ ಅಯ್ಯನವರು, "ಇದೇನೋ ಕಾಳಪ್ಪಾ, ಸಿಂಹಕ್ಕ ಗೊರಸು?" ಎಂದರು.

"ಸಪ್ಪಳ ಆಗತೈತಿ ಅಂತ ನೀವಽ ಓದಿದ್ರಲ್ರಿ ಅಯ್ನೋರೆ. ಗೊರಸಿಲ್ಲದ ಸಪ್ಪಳ ಎಲ್ಲಿಂದ ಬರಬೇಕು?"

ಅಯ್ಯನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಚ್ಚಿಗೆ ಕೈ ಮುಗಿದು, "ಹಂಗಾರ ನಾ ಓದಿದ್ದು ಖರೇ ಆತು ಬಿಡು," ಎಂದರು.

ಸಿಂಹ, ಬಸವಣ್ಣ, ಎರಡನ್ನೂ ಕೂಡಿಸಿ ಹುಡುಗಿಯರು ಅದಕ್ಕೆ ಸಿಂಬಸಣ್ಣ ಎಂದು ಹೆಸರಿಟ್ಟರು. ಹಾಡು ಕಟ್ಟಿದರು. ಸಾಲು ವೀರಿಯದು, ಕುಣಿತ ಹಂಪಿಯದು.

ಬಂದಾನ ಬಂದಾನ ಸಿಂಬಸಣ್ಣ ಬಂದಾನ
ಗೌರೀಯ ಹೊತಗೊಂಡು ಗೊರಸೂರಿ ಬಂದಾನ
ಸಕ್ಕರಿ ಮೈಯವನ, ಅಕ್ಕರದ ಕಣ್ಣವನ
ನೆಕ್ಕಬ್ಯಾಡ ನೆಕ್ಕಬ್ಯಾಡ ದಾರೀಯ ಇರುವೇ

ಮದುವೆಯಾಗಿ ಒಬ್ಬಳು ಸಿರುಗುಪ್ಪಕ್ಕೆ, ಒಬ್ಬಳು ಬಳ್ಳಾರಿಗೆ ಹೊರಟಾಗ ಕಾಳಪ್ಪ ಅಚ್ಚಿನ ಎಡಗಡೆಯನ್ನು ಮಗಳಿಗೂ ಬಲಗಡೆಯನ್ನು ವೀರಿಗೂ ಕೊಟ್ಟ. "ಎರಡೂ ಒಂದಽ ಮನ್ಯಾಗ ಇದ್ರ ಇನ್ನೊಬ್ಬಾಕಿ ಯಾಕ ಬರ್ತಾಳ?" ಎಂದ. ಅವನ ಲೆಕ್ಕ ಸುಳ್ಳಾಗಲಿಲ್ಲ. ವರ್ಷಾ ಗೌರಿ ಹುಣ್ಣಿಮೆಗೆ ವೀರಭದ್ರಮ್ಮ ಗಂಟು ಕಟ್ಟಿಕೊಂಡು ಸಿರುಗುಪ್ಪದ ಬಸ್ಸು ಹತ್ತುತ್ತಿದ್ದಳು. ಕುರುಗೋಡಿನ ಹಿರಿಯರು ಒಬ್ಬೊಬ್ಬರಾಗಿ ಹೋದರು, ಎರಡು ಮನೆಗಳೂ ಬೇರೆಯವರ ಪಾಲಾದವು. ಆಗಲೂ ಸಿಂಬಸಣ್ಣ ವರ್ಷಕ್ಕೊಮ್ಮೆ ಎದ್ದು ನಿಲ್ಲುತ್ತಿದ್ದ.

ಯುದ್ಧ ಬಂತು, ಸಕ್ಕರೆ ಕಾರ್ಡಿಗೆ ಹತ್ತಿತು. ಚಹಾಕ್ಕೇ ಸಾಲದು, ಗೊಂಬೆಗೆಲ್ಲಿಯದು? "ಸಕ್ಕರಿ ಸಿಕ್ಕ ವರ್ಷ ಹೇಳಿ ಕಳಸ್ತೀನಿ, ಬಾರಲೇ," ಎಂದಿದ್ದಳು ಹಂಪಮ್ಮ ಕಡೆಯ ಸಲ. ಹೇಳಿ ಕಳಿಸಲಿಲ್ಲ. ಕಾರಣವಿಲ್ಲದೆ ಹೋಗಲು ವೀರಭದ್ರಮ್ಮನಿಗೆ ಸಂಕೋಚ. ಅಷ್ಟರಲ್ಲಿ ಹತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗಂಡ ಒಂದು ಶ್ರಾವಣದಲ್ಲಿ ತೀರಿಹೋದ. ಬ್ರೂಸ್ ಪೇಟೆಯ ಮನೆ ಬಿಟ್ಟು ಈ ಖೋಲಿಗೆ ಬಂದಳು. ಆಮೇಲಂತೂ ಬರಿಹಣೆಯಲ್ಲಿ ಗೌರಿಯ ಹಬ್ಬಕ್ಕೆ ಯಾರ ಮನೆಗೆ ಹೋದಾಳು? ಆದರೂ ಪ್ರತಿ ಗೌರಿ ಹುಣ್ಣಿಮೆಯ ಹಿಂದಿನ ದಿನ ಅರ್ಧ ಅಚ್ಚನ್ನು ನೀರಿಗೆ ಹಾಕುತ್ತಿದ್ದಳು, ಮರ ಸೀಳಬಾರದೆಂದು. ಒಮ್ಮೆ ಬೆಲ್ಲದ ಪಾಕವನ್ನು ಅದರೊಂದರಲ್ಲೇ ಹೊಯ್ದು ನೋಡಿದಳು. ಬೆನ್ನಿಲ್ಲದ, ಒಂದೇ ಮಗ್ಗುಲಿನ ಸಿಂಬಸಣ್ಣ ಬಂದ. ನಿಲ್ಲಿಸಿದರೆ ನಿಲ್ಲಲಿಲ್ಲ. ಮಲಗಿಸಿಯೇ ದೇವರ ಮುಂದಿಟ್ಟು ಊದುಕಡ್ಡಿ ಬೆಳಗಿದಳು.

ವೀರಿ ಎಂದು ಅವಳನ್ನು ಕರೆಯುವ ಬಾಯಿ ಭೂಮಿಯ ಮೇಲೆ ಈಗ ಒಂದೇ ಉಳಿದಿತ್ತು. ಅದೂ ಮರೆತಿದ್ದರೆ? ಆ ಸಂಜೆ ಅವಳು ಅಚ್ಚನ್ನು ನೀರಿಗೆ ಹಾಕಲಿಲ್ಲ. ಚೀಲಕ್ಕೆ ಹಾಕಿದಳು.

ಬೆಳಗಿನ ಬಸ್ಸಿನಲ್ಲಿ ಗಂಡಸರ ಜಗಳವೋ ಜಗಳ. ರಾಜ್ಯಗಳ ಹೊಸ ಗಡಿ ಎಳೆದರೆ ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂಬುದೇ ಮಾತು.

"ಜಿಲ್ಲಾ ಅಂದ್ರ ರೊಟ್ಟಿ ಏನೋ, ಮುರದು ಹಂಚಾಕ? ಆದೋನಿ ಆ ಕಡಿ, ನಾವು ಈ ಕಡಿ!"

"ಮುರೀತಾರ ನೋಡು. ನಿನ್ನ ಹೆಂಡ್ತಿ ತವರಮನಿ ಆದೋನಿ ಅಲ್ಲೇನು? ಮುಂದಿನ ಸಲ ರಾಜ್ಯ ದಾಟಿ ಹೋಗಬೇಕು ಮಗನ."

"ಹಂಗಾದ್ರ ಛಲೋನಽ ಆತು, ಅತ್ತಿ ಬರೂದು ತಪ್ಪತೈತಿ!"

ಬಸ್ಸೆಲ್ಲ ನಕ್ಕಿತು. ವೀರಭದ್ರಮ್ಮ ಚೀಲದ ಮೇಲೆ ಕೈ ಇಟ್ಟುಕೊಂಡು ಕಿಟಕಿಗೆ ಮುಖ ತಿರುಗಿಸಿದಳು. ತೆಕ್ಕಲಕೋಟೆ ದಾಟಿದ ಮೇಲೆ ಗದ್ದೆಗಳು ಬಂದವು. ನೀರಿನ ವಾಸನೆ ಬಂತು.

ಇಷ್ಟು ವರ್ಷಗಳ ಮೇಲೂ ಬಡಿಗೇರ ಓಣಿ ಹುಡುಕಬೇಕಾಗಲಿಲ್ಲ. ಪಾಕದ ವಾಸನೆಯೇ ದಾರಿ ತೋರಿಸಿತು. ತೆರೆದ ಬಾಗಿಲಿನೊಳಗೆ ಅಂಗಳದ ಒಲೆ, ಒಲೆಯ ಮೇಲೆ ಬುರುಗುಡುವ ಬೋಗುಣಿ, ಸುತ್ತ ಓಣಿಯ ಹುಡುಗಿಯರು. ನಡುವೆ ಬಾಗಿಲಿಗೆ ಬೆನ್ನು ಮಾಡಿ, ದಪ್ಪಗಾದ ಒಬ್ಬ ಹೆಂಗಸು ಸೌಟು ಆಡಿಸುತ್ತ ಕಥೆ ಹೇಳುತ್ತಿದ್ದಳು. ಬೆನ್ನು ಗುರುತು ಸಿಗಲಿಲ್ಲ. ದನಿ ಸಿಕ್ಕಿತು.

"...ಆಮ್ಯಾಲ ಏನಾತು? ಸಕ್ಕರಿ ಇಲ್ಲದ ಕಾಲ ಬಂತು. ಊರಾಗ ಸಕ್ಕರಿ ಇಲ್ಲ, ಕೇರ್ಯಾಗ ಸಕ್ಕರಿ ಇಲ್ಲ. ಪಾಪ, ಸಿಂಬಸಣ್ಣ ಮೈಯಽ ಇಲ್ಲದ ಅಚ್ಚಿನ್ಯಾಗ ಬರೇ ಗಾಳಿ ಆಗಿ ಮಲಗಿದ್ದ. ವೀರಿಗೆ ನೋಡಾಕ ಆಗಲಿಲ್ಲ. ಏಳು ಸಿಂಬಸಣ್ಣಾ, ಸಕ್ಕರಿ ಗುಡ್ಡಕ್ಕ ಹೋಗೂಣು ಅಂದ್ಲು. ಅವ ಮೊಳಕಾಲು ಊರಿ ಬಗ್ಗಿದ. ಆಕಿ ಹತ್ತಿದ್ಲು. ಬಲಗಡಿ ಅಚ್ಚು ಬಗಲಾಗ ಇಟಗೊಂಡ್ಲು. ಗೊರಸು ಊರಿದ ನೋಡು, ಢಂ! ಕುರುಗೋಡ ಗುಡ್ಡ ದಾಟಿದ್ರು, ಹೊಳಿ ದಾಟಿದ್ರು, ಮುಗಲು ದಾಟಿದ್ರು."

"ವೀರಿ ಅತ್ತಳೇನವ್ವಾ?" ಎಂದು ಮೊಮ್ಮಗಳು ಪಾರಿ ಕೇಳಿದಳು. ಪ್ರತಿ ಸಲವೂ ಅದೇ ಜಾಗದಲ್ಲಿ ಕೇಳುವವಳ ಹಾಗೆ ಕೇಳಿದಳು.

"ಆಕಿ ಅಳೂ ಪೈಕಿ ಅಲ್ಲ. ನಾ ಅತ್ತೆ."

ವೀರಭದ್ರಮ್ಮ ಹೊಸ್ತಿಲ ಹೊರಗೇ ನಿಂತಳು. ಓದು ನಡೆದಾಗ ನಡುವೆ ಕಾಲಿಡಬಾರದು, ಮಂಗಳ ಆಗುವ ತನಕ ಕಾಯಬೇಕು ಎಂದು ಅಪ್ಪ ಕಲಿಸಿದ್ದು ಅವಳ ಕಾಲಿಗೇ ನೆನಪಿತ್ತು. ತಲೆಯ ಮೇಲೆ ಬಿಸಿಲು, ಕೈಯಲ್ಲಿ ಚೀಲ. ಒಳಗೆ ತಾನು ಸತ್ತ ಕಥೆ. ಅದು ಸಾವಿನ ಕಥೆಯೆಂದು ಅವಳಿಗೆ ಅರ್ಥವಾಗಿತ್ತು. ಮುಗಿಲು ದಾಟಿದವರು ಯಾರೂ ತಿರುಗಿ ಬರುವುದಿಲ್ಲ.

ಕಥೆ ಮುಗಿದು ಹುಡುಗಿಯರು ಹಾಡು ಎತ್ತಿಕೊಂಡರು. ಅವಳದೇ ಸಾಲುಗಳು. ಒಂದು ಕಡೆ ಮಾತ್ರ ಬೇರೆಯಾಗಿತ್ತು. ಗೌರಿಯ ಜಾಗದಲ್ಲಿ "ವೀರೀಯ ಹೊತಗೊಂಡು ಗೊರಸೂರಿ ಬಂದಾನ" ಎನ್ನುತ್ತಿದ್ದರು.

ಹಾಡು ನಿಂತಾಗ ಹಂಪಮ್ಮ ತಿರುಗಿದಳು. "ಯಾರವ್ವಾ ಬಿಸಲಾಗ ನಿಂತೀರಿ? ಆರತಿ ಬೇಕೇನು? ಒಳಗ ಬರ್ರಿ."

ವೀರಭದ್ರಮ್ಮ ಚೀಲಕ್ಕೆ ಕೈ ಹಾಕಿದಳು. ಗಂಟು ಬಿಚ್ಚಿ ಅಚ್ಚನ್ನು ಮುಂದೆ ಹಿಡಿದಳು.

ಹಂಪಮ್ಮ ಅಚ್ಚನ್ನು ನೋಡಿದಳು, ಮುಖ ನೋಡಿದಳು, ಆಮೇಲೆ ಬಗ್ಗಿ ಪಾದ ನೋಡಿದಳು. ಪಾದಗಳು ಮುಂದಕ್ಕೇ ಇದ್ದವು.

"ಲೇ ವೀರಿ," ಎಂದಳು ಸಣ್ಣ ದನಿಯಲ್ಲಿ. "ಸಾಯದಽ ಇದ್ದೇನಲೇ?"

ಆ ಹೆಸರು ಕಿವಿಗೆ ಬಿದ್ದದ್ದೇ ವೀರಭದ್ರಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಅಚ್ಚುಗಳನ್ನು ನೆನೆಹಾಕಿದ ಕೊಪ್ಪರಿಗೆಯ ಬಳಿ ಇದ್ದ ಹಂಪಮ್ಮನ ಮಗ ಮೋನಪ್ಪ ಓಡಿಬಂದ. ಅವನನ್ನು ಕಂಡದ್ದೇ ಹಂಪಮ್ಮನ ಅಳು ಸಿಟ್ಟಿಗೆ ತಿರುಗಿತು.

"ಏನೋ ಮೂಳಾ, ತೀರಿಕೊಂಡ್ರು ಅಂತ ಬಂದು ಹೇಳಿದೆಲ್ಲೋ! ತೆಲಿಮ್ಯಾಲ ತಣ್ಣೀರು ಸುರಕೊಂಡೆನಲ್ಲೋ!"

"ನಾ ಏನ್ ಮಾಡ್ಲೆವ್ವಾ? ಆ ವರ್ಷ ಒಂದೀಟು ಸಕ್ಕರಿ ಸಿಕ್ಕೈತಿ, ಕರಕೊಂಡು ಬಾ ಅಂತ ನೀನಽ ಕಳಿಸಿದ್ದಿ, ಬ್ರೂಸ್ ಪ್ಯಾಟಿ ಮನಿಗೆ ಹೋದೆ. ಬೀಗ ಹಾಕಿತ್ತು. ಬಾಜೂ ಕಟ್ಟಿ ಮ್ಯಾಲ ಒಬ್ಬ ಮುದುಕಿ ಕುಂತಿದ್ಲು. ವೀರಭದ್ರಮ್ಮನೋರ ಮನಿ ಇದಽ ಏನ್ರಿ ಅಂದೆ. ಇದಽ ಅಪ್ಪಾ, ಆದ್ರ ಅವರು ಶ್ರಾವಣದಾಗ ತೀರಿಕೊಂಡ್ರಲ್ಲ ಅಂದ್ಲು."

"ಅವರು ಅಂದ್ರ ನಮ್ಮ ಮನಿಯವ್ರಪ್ಪಾ," ಎಂದಳು ವೀರಭದ್ರಮ್ಮ. ಆ ಮುದುಕಿ ವೀರಭದ್ರಮ್ಮನ ಗಂಡನ ಹೆಸರನ್ನು ಎಂದೂ ಎತ್ತಿದವಳಲ್ಲ. ಎಂದಿಗೂ 'ಅವರು'.

"ನನಗೇನು ಗೊತ್ತು ಚಿಗವ್ವಾ? ನಾ ನಿಮ್ಮ ಹೆಸರು ಹೇಳಿದ್ದೆ. ಆಕಿ ಅವರು ಅಂದ್ಲು."

ಹಂಪಮ್ಮ ಹಣೆ ಬಡಿದುಕೊಂಡಳು. "ಮರ್ಯಾದಿ ಕೊಟ್ಟು ಕೊಟ್ಟು ನನ್ನ ಗೆಳತೀನ ಕೊಂದ್ರಲ್ಲೋ! ಹೋದ, ಹೋದ್ಲು ಅಂತ ಒಂದು ಅಕ್ಷರ ಒರಟ ಮಾತಾಡಿದ್ರ ಇಷ್ಟು ವರ್ಷ ಉಳೀತಿದ್ವಲ್ಲೋ!" ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ ಗೆಳತಿಯ ಬರಿಹಣೆಯನ್ನು ಸರಿಯಾಗಿ ನೋಡಿದಳು. "ನಾ ಮಣ್ಣಿಗಾದರೂ ಬರಬೇಕಾಗಿತ್ತು. ನೀನಽ ಇಲ್ಲ ಅಂದಮ್ಯಾಲ ಯಾರ ಮನಿಗೆ ಬರಲಿ ಅನಕೊಂಡೆ."

"ನೀ ಹೇಳಿ ಕಳಸ್ತೀನಿ ಅಂದಿದ್ದಿ. ನಾ ದಾರಿ ನೋಡ್ಕೊಂತ ಕುಂತೆ."

"ಹೇಳಿ ಕಳಿಸಿದಾಗ ನೀ ಸತ್ತಿದ್ದಿ."

ಅಷ್ಟರಲ್ಲಿ ಪಾರಿ ಅಜ್ಜಿಯ ಸೆರಗು ಜಗ್ಗಿದಳು. "ಅವ್ವಾ, ಈಕಿ ಯಾರು?"

"ಯಾರಂತ ತಿಳದೀ? ಈಕೀನಽ ಕಣಲೇ ವೀರಿ! ಸಕ್ಕರಿ ಗುಡ್ಡದಿಂದ ಇಳದು ಬಂದಾಳ ನೋಡ್ರಿ ಎಲ್ಲಾರೂ!"

ಹುಡುಗಿಯರು ನೋಡಿದರು. ಬಿರಿದ ಹಿಮ್ಮಡಿ, ನರೆತ ಕೂದಲು, ಬಳೆಯಿಲ್ಲದ ಕೈ, ಬಸ್ಸಿನ ಧೂಳು ಹಿಡಿದ ಬಿಳಿ ಸೀರೆ.

"ಸುಳ್ಳು," ಎಂದಳು ಪಾರಿ. "ವೀರಿ ನನ್ನಷ್ಟಽ ಅದಾಳ. ಸಕ್ಕರಿ ಗುಡ್ಡದಾಗ ಯಾರೂ ಮುದುಕ್ಯಾರು ಆಗಂಗಿಲ್ಲ. ನೀನಽ ಹೇಳೀದಿ." ಕೆಳತುಟಿ ನಡುಗತೊಡಗಿತು. ಅವಳ ಹಿಂದಿನ ಇನ್ನೊಂದು ಹುಡುಗಿಯ ಕಣ್ಣೂ ತುಂಬಿತು.

ವೀರಭದ್ರಮ್ಮನ ನಾಲಗೆಯ ತುದಿಯಲ್ಲೇ ಹಾಡು ಇತ್ತು. ಹಾಡಿ ತೋರಿಸಬಹುದಿತ್ತು. ಆ ಸಾಲು ಗೌರಿಯದು, ವೀರಿಯದಲ್ಲ, ಕಟ್ಟಿದವಳು ನಾನೇ ಎನ್ನಬಹುದಿತ್ತು. ಅದಕ್ಕಾಗಿಯೇ ಬಂದಿದ್ದಳು. ಒಬ್ಬರಾದರೂ ತನ್ನನ್ನು ವೀರಿ ಎನ್ನಲಿ ಎಂದು ಬಂದಿದ್ದಳು. ಎದುರಿಗೆ ಮಗು, ತನ್ನದೇ ವಯಸ್ಸಿನ ವೀರಿಯನ್ನು ಯಾರೋ ಕಿತ್ತುಕೊಳ್ಳುತ್ತಾರೆಂದು ಅಚ್ಚಿನ ಎಡಗಡೆಯನ್ನು ಎದೆಗೆ ಅವುಚಿಕೊಂಡು ನಿಂತಿತ್ತು.

"ಖರೇ ಐತವ್ವಾ," ಎಂದಳು. "ನಿಮ್ಮಜ್ಜಿಗೆ ಕಣ್ಣು ಮಂಜಾಗ್ಯಾವ. ನಾ ವೀರಿ ಅಲ್ಲ. ನಾ ಬಳ್ಳಾರಿಯಾಕಿ. ವೀರಿ ಇದನ್ನ ಕೊಟ್ಟು ಕಳಿಸ್ಯಾಳ."

ಪಾರಿ ಮೂಗು ಒರೆಸಿಕೊಂಡಳು. "ನಿಮಗ ಎಲ್ಲಿ ಸಿಕ್ಕಿದ್ಲು?"

ವೀರಭದ್ರಮ್ಮ ಜೀವಮಾನದಲ್ಲಿ ಎಷ್ಟೋ ಕಥೆ ಕೇಳಿದ್ದಳು. ಹೇಳಿದವಳಲ್ಲ. "ಬಸ್ಸಿನ್ಯಾಗ," ಎಂದಳು, ಬೇರೆ ಏನೂ ತೋಚದೆ.

"ಬಸ್ಸಿನ್ಯಾಗ? ಮತ್ತ ಸಿಂಬಸಣ್ಣ?"

"ಅವ ಹೊರಗ ಓಡಿ ಬರಾಕ ಹತ್ತಿದ್ದ. ಗೊರಸಿನ ಧೂಳಿಗೆ ಡ್ರೈವರಗ ದಾರೀನಽ ಕಾಣವಲ್ದು. ತೆಕ್ಕಲಕೋಟಿ ಹತ್ರ ಬಸ್ಸಿಗಿಂತ ಮುಂದ ಹೋಗಿಬಿಟ್ಟ. ಕಂಡಕ್ಟರು ಟಿಕೀಟು ಕೊಡು ಅಂತ ಅವನ ಹಿಂದ ಓಡಿದ."

ಹುಡುಗಿಯರು ಕಿಸಕ್ಕೆಂದರು.

"ಮತ್ತ ಆಕಿ ಇಲ್ಲಿ ಯಾಕ ಇಳೀಲಿಲ್ಲ?"

"ಗುಡ್ಡದಾಗ ಕೆಲಸ ಬಾಳ ಐತಂತವ್ವಾ. ಊರೂರಿಗೆ ಸಕ್ಕರಿ ಕಳಿಸಬೇಕಲ್ಲ. ಈ ವರ್ಷ ಅಂಗಡ್ಯಾಗ ಕಾರ್ಡಿಲ್ಲದ ಸಿಕ್ಕಿತಲ್ಲ, ಅದು ಯಾರು ಕಳಿಸಿದ್ದು ಮತ್ತ? ಹಂಪಿಗೆ ಹೇಳು ಅಂದ್ಲು. ಆಕಿ ನನ್ನ ನೆನಪಿಟ್ಟಾಳ, ನಾನೂ ಇಟ್ಟೀನಿ ಅಂತ ಹೇಳು ಅಂದ್ಲು."

ಹಂಪಮ್ಮ ಒಲೆಯ ಕಡೆ ತಿರುಗಿ ಉರಿಯನ್ನು ಸುಮ್ಮನೆ ಹಿಂದೆ ಮುಂದೆ ಮಾಡುತ್ತಿದ್ದಳು. ಹೊಗೆ ಇರಲಿಲ್ಲ, ಆದರೂ ಕಣ್ಣೊರೆಸಿಕೊಂಡಳು. "ಪಾಕ ಕೆಡತೈತಿ," ಎಂದಳು. "ಅಚ್ಚು ನೆನಸಿ ತರ್ರೆಲೇ."

ಎರಡು ಅರ್ಧಗಳನ್ನು ಕೂಡಿಸಿದರೆ ಕೂಡಲಿಲ್ಲ. ಒಂದು ಬಳ್ಳಾರಿಯ ಬಿಸಿಲಿಗೆ ಸೆಟೆದಿತ್ತು, ಇನ್ನೊಂದು ಹೊಳೆಸೀಮೆಯ ತೇವಕ್ಕೆ ಉಬ್ಬಿತ್ತು. ಬೆನ್ನಿನ ಉದ್ದಕ್ಕೂ ಬಿರುಕು. ಮೋನಪ್ಪ ದಾರದಿಂದ ಬಿಗಿದ. ಇಬ್ಬರು ಹೆಂಗಸರೂ ಹಸಿಬಟ್ಟೆ ಒತ್ತಿ ಎರಡು ಕಡೆ ಹಿಡಿದರು. ಹಂಪಮ್ಮ ಹೊಯ್ದಳು. ಬಿಸಿ ಪಾಕ ಬಿರುಕಿನಿಂದ ಒಸರಿ ವೀರಭದ್ರಮ್ಮನ ಬೆರಳ ಮೇಲೆ ಹರಿಯಿತು, ನೆಲಕ್ಕೂ ಬಿತ್ತು. ಅವಳು ಕೈ ತೆಗೆಯಲಿಲ್ಲ.

"ಸುಟ್ಟೀತಲೇ, ಬಿಡು," ಎಂದು ಹಂಪಮ್ಮ ಪಿಸುಗುಟ್ಟಿದಳು.

"ಹಿಡಿ ನೀನು."

ಆರಿದ ಮೇಲೆ ದಾರ ಬಿಚ್ಚಿದರು. ಸಿಂಬಸಣ್ಣ ನಾಲ್ಕೂ ಗೊರಸಿನ ಮೇಲೆ ನಿಂತ. ಬಿರುಕಿನಿಂದ ಒಸರಿದ ಸಕ್ಕರೆ ನೆತ್ತಿಯಿಂದ ಬೆನ್ನಿನ ತನಕ ಗರಗಸದಂತೆ ಗಟ್ಟಿಯಾಗಿತ್ತು. ಮೋನಪ್ಪ ಅದನ್ನು ಹೆರೆಯಲು ಚಾಕು ತಂದ.

"ಮುಟ್ಟಬ್ಯಾಡಪ್ಪಾ!" ಎಂದು ಪಾರಿ ಕೂಗಿದಳು. "ಸಿಂಬಸಣ್ಣಗ ಕೂದ್ಲ ಬಂದಾವ!"

ಸಂಜೆ ತಟ್ಟೆಗಳು ಸಜ್ಜಾದವು. ಮಲ್ಲಿಗೆ, ದೀಪ, ಸಾಲುಸಾಲು ಬಿಳಿ ಗೊಂಬೆಗಳು. ಹಂಪಮ್ಮ ಹಸಿರು ಸೀರೆ ಉಟ್ಟು ಬಂದು ಗೆಳತಿಯ ಎದುರು ನಿಂತಳು.

"ನೀನೂ ಬಾ. ಯಾರು ಏನಂತಾರೋ ನಾ ನೋಡ್ಕೊಂತೀನಿ."

"ಬ್ಯಾಡ ಬಿಡಲೇ. ನೀ ಹೋಗು."

"ವೀರಿ ಇಲ್ಲದ ಗೌರಿ ಆರತಿ ಏನು ಆರತಿ?"

"ವೀರಿ ಹೊಂಟಾಳಲ್ಲ, ತಟ್ಟ್ಯಾಗ ಸಿಂಬಸಣ್ಣನ ಮ್ಯಾಲ," ಎಂದಳು ವೀರಭದ್ರಮ್ಮ.

ಹಂಪಮ್ಮ ತಟ್ಟೆ ಎತ್ತಿಕೊಂಡಳು. ಹುಡುಗಿಯರು ಕರೆದರು. ಹೋದಳು.

ಮನೆ ಬರಿದಾಯಿತು. ವೀರಭದ್ರಮ್ಮ ಹೊಸ್ತಿಲ ಮೇಲೆ ಕೂತಳು, ಅಚ್ಚು ಸುತ್ತಿ ತಂದಿದ್ದ ವಸ್ತ್ರ ಮಡಿಲಲ್ಲಿ ಬರಿದೇ ಇತ್ತು. ಹಾಡು ಓಣಿ ತಿರುಗಿತು. ವೀರೀಯ ಹೊತಗೊಂಡು ಎನ್ನುವಲ್ಲಿ ಪಾರಿಯ ದನಿ ಎಲ್ಲರಿಗಿಂತ ಮೇಲೆ ಕೇಳಿತು, ಮತ್ತೆ ದೂರವಾಯಿತು. ಅವಳು ತುಟಿಯಲ್ಲೇ ಸಾಲು ಹಿಡಿದಳು. ಒಲೆಯ ಪಕ್ಕ ಸೋರಿ ಬಿದ್ದಿದ್ದ ಸಕ್ಕರೆಗೆ ಗೋಡೆಯ ಸಂದಿನಿಂದ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಮೂಲೆಯಲ್ಲಿ ಕಸಬರಿಗೆ ಇತ್ತು. ನೆಕ್ಕಬೇಡ ಎಂದು ಚಿಕ್ಕಂದಿನಲ್ಲಿ ಹಾಡಿದವಳು ಅವಳೇ. ಈಗ ಏನೂ ಅನ್ನಲಿಲ್ಲ. ಹಾಡು ಪೂರ್ತಿ ಕೇಳಿಸದಂತಾಗುವ ತನಕ, ಅವು ಬಂದು ತಿಂದು ಹೋಗುವುದನ್ನು ನೋಡುತ್ತ ಕೂತಳು.